ಬರಲ್ಲ ಮೇಡಂ ಮತ್ತು ಹದಿನೆಂಟು ಹಲ್ಲು

ಕಾರಿನೊಳಗೆ ಸಿಕ್ಕಿಹಾಕಿಕೊಳ್ಳಲು ಅಪಘಾತವೇ ಆಗಬೇಕೆಂದಿಲ್ಲ. ನನಗೆ ಶೋರೂಮೇ ಸಾಕಾಯಿತು. ಬೆಳಿಗ್ಗೆ ಹನ್ನೊಂದು ಗಂಟೆ, ಮೂರು ಕಡೆ ಗಾಜಿನ ಗೋಡೆ, ನಡುವೆ ನಿಧಾನಕ್ಕೆ ತಿರುಗುವ ವೇದಿಕೆ, ಅದರ ಮೇಲೆ ನಮ್ಮ ಭಾವ ಆಸೆಪಟ್ಟಿದ್ದ ಭಾರೀ ಬೆಲೆಯ ಎಲೆಕ್ಟ್ರಿಕ್ ಕಾರು, ಅದರ ಹಿಂದಿನ ಸೀಟಿನಲ್ಲಿ ನಾನು. "ಒಳಗೆ ಕೂತು ನೋಡಯ್ಯಾ, ಹೊಟ್ಟೆ ಇರೋರಿಗೂ ಜಾಗ ಸಾಲುತ್ತಾ ಅಂತ ಗೊತ್ತಾಗ್ಲಿ" ಎಂದು ಭಾವನೇ ಹತ್ತಿಸಿದ್ದರು. ಹತ್ತಿದ ಮೇಲೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಇಳಿಯೋಣವೆಂದರೆ ಬಾಗಿಲಿಗೆ ಹಿಡಿಯೇ ಇಲ್ಲ. ನಮ್ಮ ಕಾಲದ ಕಾರುಗಳಿಗೆ ಹಿಡಿ ಇರುತ್ತಿತ್ತು. ಎಳೆದರೆ ಬಾಗಿಲು ತೆರೆಯುತ್ತಿತ್ತು. ಕೆಲವು ಸಲ ಹಿಡಿಯೇ ಕಿತ್ತು ಕೈಗೆ ಬರುತ್ತಿತ್ತು, ಅದು ಬೇರೆ ಮಾತು. ಇಲ್ಲಿ ನುಣುಪಾದ ಚರ್ಮ, ಅದರ ಮೇಲೆ ನಾಲ್ಕಾರು ಚುಕ್ಕಿ. ಒಂದು ಚುಕ್ಕಿ ಒತ್ತಿದೆ, ಸೀಟು ಬಿಸಿಯಾಯಿತು. ಇನ್ನೊಂದು ಒತ್ತಿದೆ, ಬೆನ್ನ ಹಿಂದೆ ಯಾರೋ ಹಿಟ್ಟು ನಾದುವವರ ಹಾಗೆ ಗುದ್ದತೊಡಗಿದರು. ಮೂರನೆಯದಕ್ಕೆ ಪಿಟೀಲು ಶುರುವಾಯಿತು. ಭಾವ ಮತ್ತು ಸೇಲ್ಸ್‌ನವರು ನನಗೆ ಬೆನ್ನು ತಿರುಗಿಸಿಕೊಂಡು ಬ್ಯಾಟರಿಯ ಗುಣಗಾನದಲ್ಲಿ ಮುಳುಗಿದ್ದರು. ನಾನು ಗಾಜು ಬಡಿದೆ. ಗಾಜು ದಪ್ಪ, ಪಿಟೀಲು ಜೋರು.

ವೇದಿಕೆ ತಿರುಗಿದಾಗಲೆಲ್ಲ ನಾನು ರಸ್ತೆಗೆ ಎದುರಾಗುತ್ತಿದ್ದೆ. ಆಚೆ ಬಸ್‌ಸ್ಟಾಪು, ಅಲ್ಲೊಂದು ಸಾಲು. ಮೊದಲ ಸುತ್ತಿನಲ್ಲಿ ಅವರೆಲ್ಲ ನನ್ನನ್ನು ನೋಡಿದರು. ಎರಡನೆಯ ಸುತ್ತಿನಲ್ಲಿ ಒಬ್ಬ ಹಿರಿಯರು ಕೈಬೀಸಿದರು. ಮೂರನೆಯ ಸುತ್ತಿಗೆ ನಾನೂ ಕೈಬೀಸಿದೆ, ಇದಕ್ಕೇ ಸಂಬಳ ಕೊಟ್ಟು ಕೂರಿಸಿದ್ದಾರೆ ಅನ್ನುವ ಹಾಗೆ.

ಆಗ ಬೂದು ಸ್ವೆಟರ್ ತೊಟ್ಟ, ಅರವತ್ತರ ಆಸುಪಾಸಿನ ಹೆಂಗಸೊಬ್ಬರು ವೇದಿಕೆ ಹತ್ತಿ ಬಂದರು. ಕೈಯಲ್ಲಿ ಪುಟ್ಟ ಟಾರ್ಚು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಹೊರಗಿನಿಂದ ಒಂದೇ ಬೆರಳು ಮುಟ್ಟಿಸಿದರು, ಬಾಗಿಲು ತೆರೆಯಿತು.

"ದೇವರು ಬಂದ ಹಾಗೆ ಬಂದ್ರಿ ಮೇಡಂ" ಎಂದೆ.

"ಸ್ವಲ್ಪ ಕಾಲು ಎತ್ತಿ" ಎಂದರು.

ಎತ್ತಿದೆ. ಆಕೆ ಬಗ್ಗಿ, ಬಾಗಿಲ ಪಕ್ಕದ ಕಂಬಕ್ಕೆ ಅಂಟಿಸಿದ್ದ ಚೀಟಿಗೆ ಟಾರ್ಚು ಬಿಟ್ಟು, ಅಲ್ಲಿದ್ದ ನಂಬರನ್ನು ತುಟಿ ಅಲ್ಲಾಡಿಸುತ್ತ ಓದಿ, ಪುಸ್ತಕದಲ್ಲಿ ಬರೆದುಕೊಂಡರು. ಬಂದಿದ್ದು ಅದಕ್ಕೆ. ಬರೆದಾದ ಮೇಲೆ ಬಾಗಿಲು ಹಾಕಲು ಹೊರಟರು. ನಾನು ಗಾಬರಿಯಿಂದ ಕಾಲು ಹೊರಗೆ ಚಾಚಿದೆ. ಕಾಲು ಉಳಿಯಿತು, ಶೂ ಒಳಗೇ ಬಿತ್ತು. ಒಂದು ಶೂ, ಒಂದು ಕಾಲುಚೀಲದಲ್ಲಿ ನಿಂತು ನಾನು ಬರಲ್ಲ ಮೇಡಂ ಅವರನ್ನು ಮೊದಲ ಸಲ ಸರಿಯಾಗಿ ನೋಡಿದೆ.

ಆ ಹೆಸರಿಟ್ಟವರು ಸೇಲ್ಸ್‌ನವರು. ಎಲೆಕ್ಟ್ರಿಕ್ ಕಾರು ಕೊಂಡರೆ, ನಾವು ಕಟ್ಟಬೇಕಾದ ತೆರಿಗೆಯಲ್ಲಿ ದೊಡ್ಡದೊಂದು ಪಾಲನ್ನು ಸರ್ಕಾರ ಬಿಟ್ಟುಕೊಡುತ್ತದೆ. ಅದಕ್ಕೆ ತೆರಿಗೆ ರಿಯಾಯಿತಿ ಎಂದು ಹೆಸರು. ಆದರೆ ಸರ್ಕಾರ ಕೇಳಿದವರಿಗೆಲ್ಲ ಕೊಡುವುದಿಲ್ಲ. ಕಾರು ಈ ದೇಶದಲ್ಲೇ ಜೋಡಣೆಯಾಗಿರಬೇಕು. ಫ್ಯಾಕ್ಟರಿಯಿಂದ ಹೊರಬೀಳುವಾಗಿನ ಬೆಲೆ ಒಂದು ಮಿತಿ ದಾಟಿರಬಾರದು. ಕೊಳ್ಳುವವನ ಆದಾಯ ಈ ವರ್ಷವೋ ಹೋದ ವರ್ಷವೋ, ಯಾವುದಾದರೂ ಒಂದು ವರ್ಷ ಇನ್ನೊಂದು ಮಿತಿಯ ಕೆಳಗಿರಬೇಕು. ಅಂದರೆ ದುಬಾರಿ ಕಾರು ಕೊಳ್ಳುವಷ್ಟು ಶ್ರೀಮಂತನಾಗಿರಬೇಕು, ರಿಯಾಯಿತಿ ಸಿಗುವಷ್ಟು ಬಡವನೂ ಆಗಿರಬೇಕು. ಈ ಎರಡರ ನಡುವಿನ ಸಂದಿಯಲ್ಲಿ ನುಸುಳಬಲ್ಲವರು ಯಾರು ಎಂದು ನೋಡಿ ಸಹಿ ಹಾಕುವುದು ಮೇಡಂ ಕೆಲಸ. ಗಿರಾಕಿಗೆ ಕಾಫಿ ಕುಡಿಸಿ, ಹೊಗಳಿ, ಒಪ್ಪಿಸಿ ಸೇಲ್ಸ್‌ನವರು ಕಾಗದ ತಂದಿಟ್ಟರೆ ಆಕೆ ಓದಿ "ಬರಲ್ಲ" ಎನ್ನುತ್ತಿದ್ದರು. ರಿಯಾಯಿತಿ ಬರಲ್ಲ. ಅಷ್ಟೇ.

ಆಕೆ ಕೂರುತ್ತಿದ್ದುದು ಶೋರೂಮಿನ ಒಳಗೇ, ಹಿಂಭಾಗದ ಓಣಿಯಂಥ ಇಕ್ಕಟ್ಟಿನಲ್ಲಿ, ಕೈತೊಳೆಯುವ ಬೇಸಿನ್ನಿಗೂ ಟೈರುಗಳ ಅಟ್ಟಿಗೂ ನಡುವೆ. ಒಂದು ಮೇಜು, ಒಂದು ಬೆತ್ತದ ಕುರ್ಚಿ. ಕುರ್ಚಿಯ ಬೆತ್ತ ನಡುವೆ ಜೋತು ಬಿದ್ದಿತ್ತು, ಅದರ ಮೇಲೆ ಮಡಚಿದ ಹಳೆಯ ಟವಲ್. ಇಡೀ ಶೋರೂಮಿನಲ್ಲಿ ಚರ್ಮದ ಹೊದಿಕೆಯಿಲ್ಲದ ಆಸನ ಅದೊಂದೇ.

ನಮ್ಮ ಭಾವನ ಬಗ್ಗೆಯೂ ಹೇಳಬೇಕು. ಅವರು ಹಲ್ಲಿನ ಡಾಕ್ಟರು. ಕೈಗುಣ ಒಳ್ಳೆಯದು, ಬಿಲ್ಲೂ ಅಷ್ಟೇ ಗಟ್ಟಿ. ಮೂವತ್ತು ವರ್ಷದಲ್ಲಿ ನನ್ನ ಬಾಯಲ್ಲಿ ನಾಲ್ಕು ಹುಳುಕು ತುಂಬಿದ್ದಾರೆ, ಭಾಮೈದ ಎಂದು ಒಂದಕ್ಕೂ ಕಡಿಮೆ ತೆಗೆದುಕೊಂಡವರಲ್ಲ. "ನಿನಗೆ ಬಿಟ್ಟಿ ಮಾಡಿದ್ರೆ ನಾಳೆ ನಿನ್ನ ಇಡೀ ಬಳಗ ಬಾಯಿ ತೆಕ್ಕೊಂಡು ಬರುತ್ತೆ" ಎನ್ನುತ್ತಾರೆ. ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಶಾಲೆಯಲ್ಲಿ ಗಣಿತದ ಟೀಚರು. ಕಾರಿನ ವಿಷಯದಲ್ಲಿ ಅಕ್ಕ ಒಂದೇ ಮಾತು ಹೇಳಿದ್ದಳು: "ರಿಯಾಯಿತಿ ಬಂದ್ರೆ ತಗೊಳ್ಳಿ. ಇಲ್ಲಾಂದ್ರೆ ಇರೋ ಕಾರಿಗೇ ಹೊಸ ಮ್ಯಾಟ್ ಹಾಕಿಸ್ಕೊಳ್ಳಿ." ಆ ದಿನವೂ ಅವಳು ಶೋರೂಮಿನ ಸೋಫಾದಲ್ಲಿ ಕೂತು, ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು ಇಟ್ಟುಕೊಂಡು ಕೆಂಪು ಪೆನ್ನಿನಲ್ಲಿ ಮಕ್ಕಳ ಭವಿಷ್ಯ ಬರೆಯುತ್ತಿದ್ದಳು.

ಶೋರೂಮಿಗೆ ಹೊಸ ಮ್ಯಾನೇಜರ್ ಬಂದಿದ್ದರು. ಚೂಪು ಶೂ, ಅದಕ್ಕಿಂತ ಚೂಪಾದ ಸೆಂಟು. ಅವರು ರಿಯಾಯಿತಿ ನೋಡುವುದಕ್ಕೆಂದೇ ಒಂದು ಟ್ಯಾಬ್ಲೆಟ್ ತರಿಸಿದ್ದರು. ಅದು ಕೇಳಿದ ಪ್ರಶ್ನೆಗೆಲ್ಲ ಭಾವ ಬೆರಳೊತ್ತಿ ಉತ್ತರ ಕೊಟ್ಟರು. ಎರಡು ನಿಮಿಷಕ್ಕೆ ಪರದೆಯ ಮೇಲೆ ಹಸಿರು ಗುರುತು ಬಂತು, ಬಣ್ಣದ ಚೂರುಗಳು ಉದುರಿದವು.

"ಅರ್ಹರು ಸರ್! ಕಂಗ್ರಾಚುಲೇಷನ್ಸ್!" ಎಂದು ಮ್ಯಾನೇಜರ್ ಭಾವನ ಕೈ ಕುಲುಕಿದರು. "ಇನ್ನೊಂದು ಸಹಿ ಆಗ್ಬೇಕು, ಅಷ್ಟೇ." ಆ 'ಅಷ್ಟೇ' ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು.

ನಾವೆಲ್ಲ ಓಣಿಗೆ ಹೋದೆವು. ಅಕ್ಕ ಉತ್ತರಪತ್ರಿಕೆಗಳ ಕಟ್ಟಿನ ಸಮೇತ ಬಂದು ಟೈರುಗಳ ಮೇಲೆ ಕೂತಳು. ಮೇಡಂ ಕಾಗದ ಓದಿದರು. "ಕಾರು ಇಲ್ಲಿಯದೇ. ಚೀಟಿ ನೋಡ್ದೆ" ಎಂದರು. ನನ್ನ ಕಾಲಿನ ಕಡೆ ಒಮ್ಮೆ ನೋಡಿದರು. ಶೂ ಹಾಕಿಕೊಂಡಿದ್ದೆ. ಆಮೇಲೆ ಕೇಳಿದರು: "ಈ ಬೆನ್ನು ಒತ್ತೋ ಸೀಟು ಫ್ಯಾಕ್ಟರೀಲೇ ಹಾಕಿರೋದಾ?"

"ಹೌದು ಮೇಡಂ, ಸರ್ ತುಂಬಾ ಇಷ್ಟಪಟ್ಟು..." ಎಂದರು ಸೇಲ್ಸ್‌ನವರು.

"ಅದು ಸೇರಿದ್ರೆ ಬೆಲೆ ಮಿತಿ ದಾಟುತ್ತೆ. ಬರಲ್ಲ."

"ಒತ್ತೋ ಸೀಟು ಬಿಡಿ" ಎಂದಳು ಅಕ್ಕ, ಉತ್ತರಪತ್ರಿಕೆಯಿಂದ ತಲೆಯೆತ್ತದೆ. "ಬೆನ್ನು ನೋಯೋವಷ್ಟು ಕೆಲಸ ಮನೇಲಿ ಏನು ಮಾಡ್ತೀರಿ?"

ಭಾವ ನಿಟ್ಟುಸಿರುಬಿಟ್ಟು ಸೀಟನ್ನು ಬಿಟ್ಟುಕೊಟ್ಟರು. ಬೆನ್ನು ಒತ್ತದ ಸೀಟಿನ ಅದೇ ಮಾದರಿಯ ಕಾರು ಪಕ್ಕದ ಗೋದಾಮಿನಲ್ಲೇ ಇತ್ತು. ಮೇಡಂ ಮುಂದಿನ ಹಾಳೆ ತಿರುಗಿಸಿದರು.

"ಈ ವರ್ಷದ ಆದಾಯ ಅಂತ ಬರ್ದಿದ್ದೀರಲ್ಲ ಡಾಕ್ಟ್ರೇ, ಯಾವತ್ತಿನವರೆಗಿಂದು?"

"ನಿನ್ನೆವರೆಗಿಂದು."

"ವರ್ಷ ನಿನ್ನೆಗೆ ಮುಗೀತಾ?"

"ಇಲ್ಲ... ಇನ್ನೂ ಏಳು ವಾರ ಇದೆ."

"ಏಳು ವಾರ ಹಲ್ಲು ಕೀಳಲ್ವಾ?"

"ಕೀಳ್ದೆ ಏನು ಮಾಡ್ಲಿ?"

"ಹಾಗಾದ್ರೆ ಮಿತಿ ದಾಟುತ್ತೆ. ಹೋದ ವರ್ಷ ಹೇಗೆ?"

"ಹೋದ ವರ್ಷ ಹಳೇ ಕ್ಲಿನಿಕ್ ಕಟ್ಟಡ ಮಾರಿದ್ರು" ಎಂದಳು ಅಕ್ಕ. "ಆ ವರ್ಷದ ಮಾತೇ ಎತ್ತಬೇಡಿ."

"ಬರಲ್ಲ" ಎಂದು ಮೇಡಂ ಪೆನ್ಸಿಲ್ ಕೆಳಗಿಟ್ಟರು.

ಮ್ಯಾನೇಜರ್ ಮುಖ ಕೆಂಪಾಯಿತು. "ಅವರೇ ಬರ್ಕೊಟ್ಟಿದ್ದಾರೆ ಮೇಡಂ, ಟ್ಯಾಬ್ಲೆಟ್ ಒಪ್ಕೊಂಡಿದೆ. ನಿಮ್ಮದು ಸಹಿ ಹಾಕೋದು ಮಾತ್ರ."

"ನಾಳೆ ನೋಟೀಸು ಬರೋದು ಟ್ಯಾಬ್ಲೆಟ್‌ಗಾ, ಇವರ ಮನೆಗಾ?"

ಮ್ಯಾನೇಜರ್ ಆಕೆಯನ್ನು ಬೇಸಿನ್ನಿನ ಹತ್ತಿರ ಕರೆದು ಗುಟ್ಟಾಗಿ ಮಾತಾಡಿದರು. ಅದು ಗೋಡೆಗೆಲ್ಲ ಟೈಲ್ಸ್ ಹಾಕಿದ ಓಣಿ. ಗುಟ್ಟು ಎರಡೆರಡು ಸಲ ಕೇಳಿಸಿತು. "ಈ ತಿಂಗಳಲ್ಲಿ ನೀವು ಬರಲ್ಲ ಅಂದು ವಾಪಸ್ ಕಳಿಸ್ತಿರೋ ನಾಲ್ಕನೇ ಗಿರಾಕಿ ಇದು. ವರ್ಷದ ಕೊನೇ ದಿನದೊಳಗೆ ಈ ಕಾರು ಹೊರಗೆ ಹೋಗ್ಲಿಲ್ಲಾಂದ್ರೆ ನೀವು ಮನೇಲೇ ಇದ್ದುಬಿಡಿ. ಟ್ಯಾಬ್ಲೆಟ್ ನೋಡ್ಕೊಳ್ಳುತ್ತೆ. ಈ ಜಾಗದಲ್ಲಿ ನಾನು ಕಾಫಿ ಮೆಷಿನ್ ಇಡ್ತೀನಿ."

"ಇಲ್ಲಿ ಪ್ಲಗ್ ಇಲ್ಲ" ಎಂದರು ಮೇಡಂ.

ಬಂದು ಮತ್ತೆ ಕುರ್ಚಿಯಲ್ಲಿ ಕೂತರು. ಪೆನ್ಸಿಲ್ ಮತ್ತೆ ಕೈಗೆತ್ತಿಕೊಂಡರು. ಹರಿದ ಲಕೋಟೆಯೊಂದನ್ನು ಬಿಡಿಸಿ ಅದರ ಬೆನ್ನಿಗೆ ಏನೋ ಬರೆಯತೊಡಗಿದರು. "ಒಂದು ಹಲ್ಲು ಕೀಳೋಕೆ ಎಷ್ಟು ತಗೊಳ್ತೀರಿ ಡಾಕ್ಟ್ರೇ? ಹುಳುಕು ತುಂಬೋಕೆ? ಬಾಡಿಗೆ? ನರ್ಸ್ ಸಂಬಳ?" ಭಾವ ಹೇಳುತ್ತ ಹೋದರು. ಆಕೆ ಕೂಡಿದರು, ಕಳೆದರು, ಗೆರೆ ಎಳೆದರು.

"ಹದಿನೆಂಟು."

"ಏನು ಹದಿನೆಂಟು?"

"ವರ್ಷದ ಕೊನೇವರೆಗೆ ಇನ್ನು ಹದಿನೆಂಟು ಹಲ್ಲು ಕೀಳಬಹುದು. ಹತ್ತೊಂಬತ್ತನೇದು ಕಿತ್ರೆ ರಿಯಾಯಿತಿ ಹೋಯ್ತು. ಎರಡು ಹುಳುಕು ತುಂಬಿದ್ರೆ ಒಂದು ಹಲ್ಲಿನ ಲೆಕ್ಕ."

"ಈಗ ಕಿತ್ತು, ದುಡ್ಡು ಮುಂದಿನ ವರ್ಷ ತಗೊಂಡ್ರೆ?" ಎಂದು ಸೇಲ್ಸ್‌ನವರು ಜಾಣತನ ತೋರಿಸಿದರು.

"ಕಿತ್ತ ದಿನದ ಲೆಕ್ಕ" ಎಂದರು ಮೇಡಂ.

ಅಕ್ಕ ಎದ್ದು ಬಂದು ಲಕೋಟೆ ಕೈಗೆ ತೆಗೆದುಕೊಂಡಳು. ಎರಡು ಸಲ ನೋಡಿದಳು. ಆಮೇಲೆ ತನ್ನ ಕೆಂಪು ಪೆನ್ನಿನಿಂದ ಅದರ ಮೂಲೆಯಲ್ಲಿ ಒಂದು ರೈಟು ಹಾಕಿದಳು. ಅಕ್ಕ ನನ್ನ ಗಣಿತಕ್ಕೆ ಇವತ್ತಿನವರೆಗೂ ಒಂದು ರೈಟು ಹಾಕಿದವಳಲ್ಲ. ಕಾರನ್ನು ಬುಕ್ ಮಾಡುವುದು, ವರ್ಷದ ಕೊನೆಯ ದಿನ ಅಕ್ಕ ಕ್ಲಿನಿಕ್ಕಿನ ರಿಜಿಸ್ಟರ್ ನೋಡುವುದು, ಹದಿನೆಂಟಿಗೆ ನಿಂತಿದ್ದರೆ ದುಡ್ಡು ಕಟ್ಟಿ ಕಾರು ತರುವುದು ಎಂದು ತೀರ್ಮಾನವಾಯಿತು. ಹೀಗೆ ಮೇಡಂ ಕೆಲಸ ನಮ್ಮ ಭಾವನ ಇಕ್ಕಳಕ್ಕೆ ಸಿಕ್ಕಿಕೊಂಡಿತು.

ಮೊದಲೆರಡು ದಿನಕ್ಕೇ ಎಂಟು ಹಲ್ಲು ಖರ್ಚಾದವು. ದಿನಕ್ಕೆ ನಾಲ್ಕೈದು ಕಿತ್ತು ಅಭ್ಯಾಸವಾದ ಕೈ, ಪಾಪ, ಅದಕ್ಕೇನು ಗೊತ್ತು! ಮೇಡಂ ದಿನಾ ಸಂಜೆ ಐದೂವರೆಗೆ, ಬಸ್ಸಿಗೆ ಹೊರಡುವ ಮುಂಚೆ, ಫೋನ್ ಮಾಡುತ್ತಿದ್ದರು. "ಎಷ್ಟಾಯ್ತು?" ಭಾವ ಹೋಂವರ್ಕ್ ಮಾಡದ ಹುಡುಗನ ದನಿಯಲ್ಲಿ "ಎಂಟು" ಎನ್ನುತ್ತಿದ್ದರು. "ಹತ್ತು ಉಳೀತು" ಎಂದು ಆ ಕಡೆ ಫೋನ್ ಇಡುತ್ತಿದ್ದರು.

ಆಮೇಲೆ ಭಾವ ಹಲ್ಲು ಉಳಿಸತೊಡಗಿದರು. ಹುಟ್ಟಿದಾಗಿನಿಂದ ಕೀಳುವ ಮಾತೇ ಆಡಿದವರು ಈಗ ಬಾಯಿಗೆ ಟಾರ್ಚು ಬಿಟ್ಟು "ಇನ್ನೂ ಗಟ್ಟಿ ಇದೆ ಕಣ್ರೀ, ಯಾಕೆ ಕೀಳಿಸ್ತೀರಿ, ಉಪ್ಪುನೀರು ಮುಕ್ಕಳಿಸಿ" ಎನ್ನುತ್ತಿದ್ದರು. ತಡೆಯಲಾರದವರನ್ನು ಎದುರು ಕಟ್ಟಡದ ಇನ್ನೊಬ್ಬ ಡೆಂಟಿಸ್ಟ್ ಹತ್ತಿರ ಕಳಿಸಿದರು. ಆತನೊಂದಿಗೆ ಬೋರ್ಡಿನ ಅಳತೆಯ ವಿಷಯಕ್ಕೆ ಹನ್ನೆರಡು ವರ್ಷದಿಂದ ಮಾತಿರಲಿಲ್ಲ. ಹೀಗೆ ಗಿರಾಕಿಗಳ ಮೇಲೆ ಗಿರಾಕಿಗಳು ಬರತೊಡಗಿದಾಗ ಆತ, ಭಾವನಿಗೆ ಏನೋ ದೊಡ್ಡ ಕಾಯಿಲೆಯೇ ಬಂದಿದೆಯೆಂದು ತಿಳಿದು ಸೇಬಿನ ಬುಟ್ಟಿ ಹಿಡಿದುಕೊಂಡು ನೋಡಲು ಬಂದ. ಇಬ್ಬರೂ ಕೂತು ಸೇಬು ತಿಂದರು.

ಉಳಿದ ಹೊತ್ತು ಭಾವ ಮನೆಯಲ್ಲಿದ್ದರು. ಅದು ಅಕ್ಕನ ಕಷ್ಟ. ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಸಕ್ಕರೆ ಎಲ್ಲಿದೆ ಎಂದರೆ "ಮೂರನೇ ಎತ್ತರದಲ್ಲಿ" ಎಂದರು. ಮೂರನೆಯ ವಾರ ಅಕ್ಕನೇ ಮೇಡಂಗೆ ಫೋನ್ ಮಾಡಿದಳು.

"ಮೇಡಂ, ಹದಿನೆಂಟನ್ನ ಇಪ್ಪತ್ತೈದು ಮಾಡೋಕಾಗಲ್ವಾ? ಇವರು ಮನೇಲಿದ್ದಾರೆ."

"ಬರಲ್ಲ" ಎಂದರು ಮೇಡಂ. ಸ್ವಲ್ಪ ತಡೆದು, "ಅರ್ಥ ಆಗುತ್ತೆ" ಎಂದರು.

ಆ ವಾರಗಳಲ್ಲಿ ಭಾವನ ಕಾಗದಪತ್ರ ತಲುಪಿಸುವ ನೆಪದಲ್ಲಿ ನಾನು ಓಣಿಗೆ ಹೋಗಿ ಬರುತ್ತಿದ್ದೆ. ಆಕೆ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಹೋದರೆ ನಾಲ್ಕು ಮಾತು ಸಿಗುತ್ತಿದ್ದವು. ಇಪ್ಪತ್ತೇಳು ವರ್ಷ ತೆರಿಗೆ ಕಚೇರಿಯ ನಾಲ್ಕನೆಯ ಕಿಟಕಿಯಲ್ಲಿ ಕೂತವರು. ಮದುವೆಯಾಗಿಲ್ಲ, ತಂಗಿಯ ಜೊತೆ ಇದ್ದಾರೆ. ತಂಗಿಯದು ಟೈಲರಿಂಗ್, ಮೇಡಂ ಬಟ್ಟೆಯೆಲ್ಲ ತಂಗಿಯೇ ಹೊಲಿದದ್ದು, ಬೂದು ಸ್ವೆಟರ್ ಒಂದು ಮಾತ್ರ ಕಚೇರಿಯವರು ನಿವೃತ್ತಿಯ ದಿನ ಕೊಟ್ಟದ್ದು. ಶೋರೂಮಿನ ಹಳೆಯ ಯಜಮಾನರು ಆಕೆಯನ್ನು ಮನೆಗೇ ಹೋಗಿ ಕರೆತಂದಿದ್ದರು. ಆಗ ಸೇಲ್ಸ್‌ನವರು ಕಂಡಕಂಡವರಿಗೆಲ್ಲ ರಿಯಾಯಿತಿ ಸಿಗುತ್ತದೆ ಎಂದು ಹೇಳಿ ಕಾರು ದಾಟಿಸಿದ್ದರಂತೆ. ಮಾರನೆಯ ವರ್ಷ ಪಿಯಾನೋ ಕಲಿಸುವ ಮೇಷ್ಟ್ರೊಬ್ಬರು ತೆರಿಗೆಯ ನೋಟೀಸು ಹಿಡಿದುಕೊಂಡು ಬಂದು ಇದೇ ಬೇಸಿನ್ನಿನ ಮುಂದೆ ಮುಖ ತೊಳೆಯುತ್ತ ಅತ್ತರಂತೆ.

"ಕಿಟಕೀಲಿ ಕೂತಾಗ ಅಂಥವರನ್ನ ದಿನಾ ನೋಡ್ತಿದ್ದೆ" ಎಂದರು ಮೇಡಂ. "ನೋಟೀಸು ತಂದು 'ಬರುತ್ತೆ ಅಂದಿದ್ರು' ಅಂತಿದ್ರು. ಯಾರು ಅಂದಿದ್ರು ಅಂತ ಕೇಳಿದ್ರೆ ಹೆಸರು ಗೊತ್ತಿರ್ತಿರ್ಲಿಲ್ಲ." ಡಬ್ಬಿಯ ಮುಚ್ಚಳ ಹಾಕಿದರು. "ಅದಕ್ಕೇ ನಾನು ಸಹಿ ಬಿಡಿಸಿ ಬರೀತೀನಿ. ಓದೋಕೆ ಬರೋ ಹಾಗೆ."

"ಸುಮ್ನೆ ಸಹಿ ಹಾಕಿದ್ರೆ ಈ ತಲೆನೋವೇ ಇರ್ತಿರ್ಲಿಲ್ಲವಲ್ಲ ಮೇಡಂ?"

"ಯಾರಿಗೆ?" ಎಂದರು.

ವರ್ಷದ ಕೊನೆಯ ದಿನದ ಹಿಂದಿನ ದಿನ ಭಾವನ ಲೆಕ್ಕ ಹದಿನೆಂಟು ಮುಟ್ಟಿತು. ಹದಿನೆಂಟನೆಯದು ಬಸ್ ಡ್ರೈವರ್ ಒಬ್ಬರ ದವಡೆಹಲ್ಲು. ಭಾವ ಇಕ್ಕಳ ತೊಳೆದು, ಒರೆಸಿ, ಕಪಾಟಿಗೆ ಬೀಗ ಹಾಕಿದರು. ಮಾರನೆಯ ಬೆಳಿಗ್ಗೆ ಒಂಬತ್ತು ಗಂಟೆಗೆ ಒಬ್ಬ ರೋಗಿ ಬಂದ. ಎಡಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿಹೋಗಿತ್ತು, ಕುತ್ತಿಗೆಗೆ ಮಫ್ಲರ್, ಬಾಯಲ್ಲಿ ಲವಂಗ. ಆ ರೋಗಿ ನಾನು.

"ಇವತ್ತೇ ಆಗ್ಬೇಕಿತ್ತಾ ನಿಂಗೆ?" ಎಂದರು ಭಾವ.

ನಾನು ಏನೋ ಅಂದೆ. ಲವಂಗ ಬಿತ್ತು. ಎದುರಿನ ಡೆಂಟಿಸ್ಟ್ ರಜೆಯ ಮೇಲೆ ಹೋಗಿದ್ದ, ಸೇಬು ಜೀರ್ಣವಾಗಿರಬೇಕು. ಅಕ್ಕ ರಿಜಿಸ್ಟರ್ ನೋಡಲೆಂದು ಅಲ್ಲೇ ಕೂತಿದ್ದಳು. ತಮ್ಮನ ಕೆನ್ನೆ ನೋಡಿದಳು, ಗಂಡನ ಮುಖ ನೋಡಿದಳು, ಫೋನ್ ಎತ್ತಿಕೊಟ್ಟಳು.

"ಮೇಡಂ, ಹತ್ತೊಂಬತ್ತನೇದು ಬಂದಿದೆ" ಎಂದರು ಭಾವ. "ನಮ್ಮ ಭಾಮೈದನದು."

ಫೋನಿನ ಆ ಕಡೆ ಶೋರೂಮಿನ ಸದ್ದು ಕೇಳಿಸುತ್ತಿತ್ತು. ಯಾರೋ ಏನನ್ನೋ ಎಳೆಯುತ್ತಿದ್ದರು. ಕಾಫಿ ಮೆಷಿನ್ ಬಂದೇಬಿಟ್ಟಿತ್ತು.

"ದುಡ್ಡು ತಗೊಳ್ತೀರಾ?" ಎಂದು ಮೇಡಂ ಕೇಳಿದರು.

"ತಗೊಳ್ದೆ ಹೇಗೆ?"

"ಹಾಗಾದ್ರೆ ಬರಲ್ಲ."

ಭಾವ ನನ್ನ ಕಡೆ ನೋಡಿದರು. ಮೂವತ್ತು ವರ್ಷದ ವ್ರತ. ಅವರ ಮುಖದ ಮೇಲೆ ಕಾರು ಬಂತು, ಹೋಯಿತು, ಮತ್ತೆ ಬಂತು. ನನ್ನ ಕೆನ್ನೆಯಂತೂ ಮಿನಿಟಿಗೊಂದು ಸಲ ಡೋಲು ಬಡಿಯುತ್ತಿತ್ತು.

"ತಗೊಳ್ದೇ ಇದ್ರೆ?" ಎಂದು ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ಬರುತ್ತೆ" ಎಂದರು ಮೇಡಂ.

ಭಾವ ಕಪಾಟಿನ ಬೀಗ ತೆಗೆದರು. ಕೀಳುವಾಗ ಎಂದಿಗಿಂತ ಸ್ವಲ್ಪ ಜೋರಾಗಿ ಎಳೆದರು ಎಂದು ನನ್ನ ಗುಮಾನಿ. ಹಲ್ಲನ್ನು ತಟ್ಟೆಗೆ ಹಾಕಿ "ನಿನ್ನ ಬಳಗಕ್ಕೆ ಹೇಳಿದ್ರೆ ನೋಡು!" ಎಂದರು. ಅಕ್ಕ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಬರೆದು, ಅದರ ಸುತ್ತ ಕೆಂಪು ಸುತ್ತು ಹಾಕಿದಳು.

ಮಧ್ಯಾಹ್ನ ಮೂರಕ್ಕೆ ನಾವು ಶೋರೂಮಿನಲ್ಲಿದ್ದೆವು. ಓಣಿಯಲ್ಲಿ ಮೇಡಂ ಮೇಜಿಗೆ ಒತ್ತಿಕೊಂಡೇ ಕಾಫಿ ಮೆಷಿನ್ ನಿಂತಿತ್ತು, ಇನ್ನೂ ಡಬ್ಬದೊಳಗೆ. ಮೇಡಂ ರಿಜಿಸ್ಟರ್ ಓದಿದರು, ಬೆರಳಿಟ್ಟು ಎಣಿಸಿದರು. ಹತ್ತೊಂಬತ್ತನೆಯ ಸಾಲಿನಲ್ಲಿ ತಡೆದು, ನನ್ನ ಕೆನ್ನೆಯನ್ನು ದಾಖಲೆಯ ಹಾಗೆ ಪರೀಕ್ಷಿಸಿದರು. ಆಮೇಲೆ ಸಹಿ ಹಾಕಿದರು, ಒಂದೊಂದೇ ಅಕ್ಷರ ಬಿಡಿಸಿ. ಅಕ್ಕ ದುಡ್ಡು ಕಟ್ಟಿದಳು. ಭಾವ ಕಾರಿನೊಳಗೆ ಕೂತು, ಬಾಗಿಲಿನ ಚುಕ್ಕಿಗಳ ಅರ್ಥ ಸೇಲ್ಸ್‌ನವರಿಂದ ಮೂರು ಸಲ ಕೇಳಿ ತಿಳಿದುಕೊಂಡರು.

ಮ್ಯಾನೇಜರ್ ಕಾಫಿ ಮೆಷಿನ್ನಿನ ಡಬ್ಬವನ್ನು ಮತ್ತೆ ತಳ್ಳಿಸಿದರು. "ಮುಂದೆ ಸೋಫಾ ಹತ್ರ ಇಡ್ತೀವಿ ಮೇಡಂ, ಅಲ್ಲಿ ಪ್ಲಗ್ ಇದೆ" ಎಂದರು. ತಗ್ಗಿದ ದನಿಯಲ್ಲಿ ಸೇರಿಸಿದರು: "ಆ ಟ್ಯಾಬ್ಲೆಟ್‌ನವರಿಗೆ ಫೋನ್ ಮಾಡಿದ್ದೆ. 'ಯಾವತ್ತಿನವರೆಗೆ' ಅಂತ ಒಂದು ಪ್ರಶ್ನೆ ಸೇರಿಸ್ತಾರಂತೆ. ಇನ್ನೇನೇನು ಸೇರಿಸ್ಬೇಕು ಅಂತ ನಿಮ್ಮನ್ನೇ ಕೇಳ್ತಾರಂತೆ."

ಮೇಡಂ ತಲೆಯಾಡಿಸಿ, ಟವಲನ್ನು ಕೊಡವಿ, ಮತ್ತೆ ಮಡಚಿ ಬೆತ್ತದ ಕುರ್ಚಿಯ ಮೇಲೆ ಹಾಸಿದರು.

ನನಗೆ ಕುತೂಹಲ ತಡೆಯಲಾಗಲಿಲ್ಲ. ಅರ್ಧ ಬಾಯಿ ಇನ್ನೂ ಮರಗಟ್ಟಿತ್ತು, ಉಳಿದರ್ಧದಿಂದ ಕೇಳಿದೆ: "ಏಳು ವಾರ ಹೇಗೆ ನೆಮ್ಮದಿಯಾಗಿ ಕೂತಿದ್ರಿ ಮೇಡಂ? ನಮ್ಮ ಭಾವ ಹತ್ತೊಂಬತ್ತನೇದಕ್ಕೂ ದುಡ್ಡು ತಗೊಂಡು ನಿಮ್ಮನ್ನ ಮನೆಗೆ ಕಳಿಸಿಬಿಟ್ಟಿದ್ರೆ ಏನು ಮಾಡ್ತಿದ್ರಿ?"

ಆಕೆ ಕನ್ನಡಕ ತೆಗೆದು ಒರೆಸಿದರು. ಪ್ರಶ್ನೆಯನ್ನು ಎಲ್ಲ ಕಡೆಯಿಂದಲೂ ನೋಡಿದರು.

"ಕಷ್ಟ ಆಗ್ತಿತ್ತು" ಎಂದರು. "ಈ ಕುರ್ಚಿ ನಂದು, ಹಳೇ ಯಜಮಾನ್ರ ಕಾರಲ್ಲಿ ಮನೆಯಿಂದ ತಂದಿದ್ದು. ಬಸ್ಸಲ್ಲಿ ಹತ್ತಿಸ್ಕೊಳ್ಳಲ್ಲ."